ಪ್ರಾಸ ಯಾರ ಕಿವಿಗೆ?

ಇಂಗ್ಲಿಷಿನ ‘ಪುಟ್’ (put) ಮತ್ತು ‘ಕಟ್’ (cut) ಪದಗಳು ಬರಹದಲ್ಲಿ ಜೋಡಿಯಂತೆ ಕಂಡರೂ ಲಂಡನ್ನಿನವರ ಬಾಯಲ್ಲಿ ಪ್ರಾಸವಾಗುವುದಿಲ್ಲ; ಆದರೆ ಯಾರ್ಕ್‌ಷೈರಿನಂತಹ ಉತ್ತರ ಇಂಗ್ಲೆಂಡಿನ ಸೀಮೆಗಳಲ್ಲಿ ಎರಡನೆಯದನ್ನೂ ‘ಕುಟ್’ ಎಂಬಂತೆ ನುಡಿಯುವುದರಿಂದ ಅವು ಸಲೀಸಾಗಿ ಹೊಂದಿಕೊಳ್ಳುತ್ತವೆ. ಇದನ್ನು ಅಶುದ್ಧವೆಂದು ಹಳಿಯುವವರನ್ನು ನಾನು ಒಪ್ಪಲಾರೆ, ಏಕೆಂದರೆ ಹಳೆಯ ಒಂದೇ ಸ್ವರವನ್ನು ಉಳಿಸಿಕೊಂಡವರು ಉತ್ತರದವರು, ಸುಮಾರು 17ನೆಯ ಶತಮಾನದಲ್ಲಿ ಅದನ್ನು ಎರಡಾಗಿ ಒಡೆದವರು ದಕ್ಷಿಣದವರು.

ರಕಾರದ ಕಥೆಯೂ ಹೀಗೆಯೇ. ವ್ಯಂಜನಕ್ಕೆ ಮೊದಲು ಬರುವ ರಕಾರವನ್ನು ನುಂಗುವ ಲಂಡನ್ನಿನವರಿಗೆ ‘ಕೋರ್ಟ್’ (court) ಮತ್ತು ‘ಥಾಟ್’ (thought) ಸಹಜ ಪ್ರಾಸ, ಅದನ್ನು ಸ್ಪಷ್ಟವಾಗಿ ನುಡಿಯುವ ಸ್ಕಾಟ್ಲೆಂಡಿನವರಿಗೆ ಅಪಸ್ವರ.

ಅಮೆರಿಕದ ದಕ್ಷಿಣ ರಾಜ್ಯಗಳ ಹಲವರಲ್ಲಿ ‘ಪಿನ್’ ಮತ್ತು ‘ಟೆನ್’ ಕೂಡ ಪ್ರಾಸಬದ್ಧ. ‘ಪೆನ್’ ಕೂಡ ‘ಪಿನ್’ನಂತೆಯೇ ಕೇಳಿಸುವುದರಿಂದ, ಗುಂಡುಸೂಜಿ ಬೇಡ, ಲೇಖನಿ ಬೇಕು ಎಂದು ತಿಳಿಸಲು ಅವರು ‘ಇಂಕ್ ಪೆನ್’ ಎಂದು ಬಿಡಿಸಿ ಹೇಳುವುದುಂಟು.