ಎರಡನೇ ಬೆರಳಿನ ಬುಡದ ನೋವು: ಕೈಯಿಟ್ಟು ನೋಡಬೇಕಾದ ಕೀಲು

ಕುಮಟಾ–ಅಂಕೋಲಾ ಭಾಗದಲ್ಲಿ ಫಿಸಿಯೋಥೆರಪಿ ಮಾಡುತ್ತಿರುವ ನನ್ನಲ್ಲಿಗೆ ಅಂಗಾಲಿನ ಮುಂಭಾಗದ ನೋವೆಂದು ಬರುವ ಹಲವರ ಚೀಟಿಯಲ್ಲಿ ‘ನರದ ತೊಂದರೆ’ ಎಂದು ಮೊದಲೇ ಬರೆದಿರುತ್ತದೆ. ಕೆಲವರಲ್ಲಿ ಅದು ನಿಜವೂ ಹೌದು. ಆದರೆ ನೋವು ಎರಡನೇ ಬೆರಳಿನ ನೇರ ಬುಡದಲ್ಲಿದ್ದರೆ, ನರದ ಮಾತಿಗೆ ಮೊದಲು ಆ ಕೀಲಿನ ಅಸ್ಥಿರಜ್ಜುವನ್ನು, ಅಂದರೆ ಮೂಳೆಗಳನ್ನು ಹಿಡಿದಿಡುವ ನಾರನ್ನು, ಪರೀಕ್ಷಿಸಲೇಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ.

ಬೆರಳು ಪಾದವನ್ನು ಸೇರುವ ಕೀಲಿನ ಅಡಿಯಲ್ಲಿ ಪ್ಲಾಂಟರ್ ಪ್ಲೇಟ್ ಎಂಬ ಗಟ್ಟಿಯಾದ ನಾರಿನ ಪಟ್ಟಿ ಇರುತ್ತದೆ. ಉದ್ದ ಸುಮಾರು 2 ಸೆಂಟಿಮೀಟರ್, ದಪ್ಪ ಕೆಲವೇ ಮಿಲಿಮೀಟರ್. ನಡೆಯುವಾಗ ಬೆರಳು ನೆಲ ಬಿಟ್ಟು ಮೇಲೇಳದಂತೆ ಹಿಡಿದಿಡುವುದು ಇದೇ. ಇದು ಸಾಮಾನ್ಯವಾಗಿ ಹರಿಯುವುದು ಬೆರಳಿನ ಮೊದಲ ಮೂಳೆಗೆ ಅಂಟಿಕೊಂಡ ಜಾಗದಲ್ಲಿ, ಅದೂ ಮೂರನೇ ಬೆರಳಿನ ಕಡೆಯ ಅಂಚಿನಲ್ಲಿ. ಹಾಗಾಗಿಯೇ ಎರಡನೇ ಬೆರಳು ಕ್ರಮೇಣ ಹೆಬ್ಬೆರಳಿನತ್ತ ವಾಲಿ, ಮೇಲಕ್ಕೂ ಎದ್ದು, ಮೂರನೇ ಬೆರಳಿನೊಂದಿಗೆ ಎದ್ದು ಕಾಣುವ ಸಂದು ಬಿಡುತ್ತದೆ. ಎರಡನೇ ಬೆರಳಿನ ಹಿಂದಿನ ಮೂಳೆ ಉದ್ದವಾಗಿರುವವರಿಗೂ ಹೆಬ್ಬೆರಳು ಎರಡನೇ ಬೆರಳಿನತ್ತ ಬಾಗಿದವರಿಗೂ ಈ ಅಪಾಯ ಹೆಚ್ಚು. ನಮ್ಮ ಕಡೆ ಇದರ ಜೊತೆಗೆ ದುಡಿಮೆಯ ಭಂಗಿಯೂ ಸೇರಿಕೊಳ್ಳುತ್ತದೆ. ಮೀನು ಕೊಯ್ಯುವಾಗ, ಅಡಿಕೆ ಸುಲಿಯುವಾಗ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಕುಳಿತರೆ ಬೆರಳುಗಳು ಮೇಲ್ಮುಖವಾಗಿ ಬಾಗಿ ಈ ಪಟ್ಟಿ ಗಂಟೆಗಟ್ಟಲೆ ಎಳೆತದಲ್ಲಿರುತ್ತದೆ; ಯಕ್ಷಗಾನದ ಕಲಾವಿದರು ಬರಿಗಾಲಲ್ಲಿ ಹಾರಿ ಇಳಿಯುವ ಭಾರವೂ ಅದರ ಮೇಲೆಯೇ ಬೀಳುತ್ತದೆ.

ಹೆಂಗಸರಲ್ಲಿ ನಾನು ಮೊದಲು ಕೇಳುವುದು ಕಾಲುಂಗುರದ ಬಗ್ಗೆ. “ಉಂಗುರ ಇತ್ತೀಚೆಗೆ ಬಿಗಿ ಆಗ್ತಾ ಇದೆಯೇನಮ್ಮ?” ಎಂದರೆ, “ಹೌದು ಡಾಕ್ಟ್ರೇ, ಸೋಪು ಹಚ್ಚಿದ್ರೂ ಬರೂದಿಲ್ಲ” ಎಂಬ ಉತ್ತರ ಬರುವುದುಂಟು. ಉಂಗುರ ಕೂರುವುದು ಅದೇ ಬೆರಳಿನಲ್ಲಾದ್ದರಿಂದ, ಕಣ್ಣಿಗೆ ಸರಿಯಾಗಿ ಕಾಣದ ಊತವನ್ನು ಅದು ಮೊದಲೇ ತಿಳಿಸುತ್ತದೆ.

ಆಮೇಲೆ ಕೈಯ ಪರೀಕ್ಷೆ. ಎಡಗೈಯಲ್ಲಿ ಪಾದದ ಮೂಳೆಯ ತುದಿಯನ್ನು ಅಲುಗದಂತೆ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ರೋಗಿಯ ಬೆರಳಿನ ಬುಡವನ್ನು ಹಿಡಿದು, ಬೆರಳನ್ನು ಬಗ್ಗಿಸದೆ ನೇರವಾಗಿ ಮೇಲಕ್ಕೆ ಸರಿಸಬೇಕು. ಪಟ್ಟಿ ಸರಿಯಿದ್ದರೆ ಸ್ವಲ್ಪ ಸರಿದು ಗಟ್ಟಿಯಾಗಿ ನಿಲ್ಲುತ್ತದೆ. ಹರಿದಿದ್ದರೆ ತಡೆಯಿಲ್ಲದೆ ಜಾರುತ್ತದೆ, ಜೊತೆಗೆ ಅದೇ ನೋವು ಮರುಕಳಿಸುತ್ತದೆ. ಇನ್ನೊಂದು ಕಾಲಿನ ಅದೇ ಬೆರಳನ್ನೂ ನೋಡದೆ ತೀರ್ಮಾನಿಸಬಾರದು, ಏಕೆಂದರೆ ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ. ಬೆರಳ ತುದಿಯಡಿ ಕಾಗದದ ಚೂರಿಟ್ಟು ಒತ್ತಿ ಹಿಡಿಯಲು ಹೇಳಿ ಎಳೆದರೆ, ಬಲ ಕುಂದಿದ ಬೆರಳಿನಡಿಯಿಂದ ಅದು ಸಲೀಸಾಗಿ ಬಂದುಬಿಡುತ್ತದೆ. ನರದ ಗಂಟಿನಲ್ಲಾದರೆ ನೋವು ಮೂಳೆಯ ಕೆಳಗಲ್ಲ, ಹೆಚ್ಚಾಗಿ ಮೂರನೇ ಮತ್ತು ನಾಲ್ಕನೇ ಬೆರಳುಗಳ ನಡುವೆ ಇರುತ್ತದೆ. ಜುಮುಗುಡುವಿಕೆ, ಮರಗಟ್ಟುವಿಕೆ ಇರುತ್ತವೆ, ಆದರೆ ಬೆರಳು ಸಾಮಾನ್ಯವಾಗಿ ವಾಲುವುದಿಲ್ಲ.

ಈ ವ್ಯತ್ಯಾಸಕ್ಕೆ ನಾನು ಇಷ್ಟು ಒತ್ತು ಕೊಡುವುದು ನರದ ಗಂಟಿಗೆ ಕೊಡುವುದುಂಟಾದ ಸ್ಟೀರಾಯ್ಡ್ ಇಂಜೆಕ್ಷನ್ ಕಾರಣಕ್ಕೆ. ದುರ್ಬಲವಾದ ಈ ಕೀಲಿಗೆ ಅದನ್ನು ಚುಚ್ಚಿದರೆ ನೋವು ಕೆಲಕಾಲ ಅಡಗಬಹುದು, ಆದರೆ ಪಟ್ಟಿ ಇನ್ನಷ್ಟು ಹರಿದು ಕೀಲು ತಪ್ಪುವ ಅಪಾಯವಿದೆ. ನಿಂತು ತೆಗೆಸಿದ ಎಕ್ಸ್-ರೇಯಲ್ಲಿ ಮೂಳೆಯ ಬಿರುಕು, ಕೀಲಿನ ಸ್ಥಾನ ತಿಳಿಯುತ್ತದೆ. ಹರಿದ ಪಟ್ಟಿ ಕಾಣಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ಎಂಆರ್‌ಐಗೆಂದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವ ಖರ್ಚು ದಿನಗೂಲಿಯವರಿಗೆ ಸಣ್ಣದಲ್ಲ. ಕೈಯ ಪರೀಕ್ಷೆಯಲ್ಲೇ ತೊಂದರೆ ಸ್ಪಷ್ಟವಾಗಿದ್ದು ಬೆರಳು ಇನ್ನೂ ನೆಲ ಮುಟ್ಟುತ್ತಿದ್ದರೆ, ವೈದ್ಯರೊಂದಿಗೆ ಮಾತಾಡಿ ನಾನು ಮೊದಲು ಟೇಪಿಂಗ್ ಆರಂಭಿಸುತ್ತೇನೆ.

ಟೇಪು ಬೆರಳಿನ ಬುಡದ ಮೇಲಿಂದ ಬಂದು ಅಂಗಾಲಿನಲ್ಲಿ ಕತ್ತರಿಯಾಕಾರದಲ್ಲಿ ಅಂಟಿ, ಬೆರಳನ್ನು ತುಸು ಕೆಳಮುಖವಾಗಿ ಹಿಡಿದಿಡಬೇಕು. ಇದಕ್ಕಾಗಿ ಕಾಲುಂಗುರ ತೆಗೆಯಲೇಬೇಕು. ಮುತ್ತೈದೆಯರಿಗೆ ಇದು ಕಷ್ಟದ ಮಾತಾದ್ದರಿಂದ, ವಾಸಿಯಾಗುವವರೆಗೆ ಬೇರೆ ಬೆರಳಿಗೆ ಹಾಕಿಕೊಳ್ಳಿ ಎನ್ನುತ್ತೇನೆ. ಅತ್ತೆಯಂದಿರೂ ಇದಕ್ಕೆ ಒಪ್ಪುತ್ತಾರೆ. ಮೆತ್ತನೆಯ ಪ್ಯಾಡನ್ನು ನೋವಿರುವ ಜಾಗದಡಿಯಲ್ಲೇ ಇಟ್ಟರೆ ಒತ್ತಡ ಹೆಚ್ಚುತ್ತದೆ. ಅದು ತುಸು ಹಿಂದಕ್ಕೆ, ಹಿಮ್ಮಡಿಯ ಕಡೆಗಿರಬೇಕು. ಜಾಗ ಗುರುತಿಸಲು ನೋಯುವ ಬಿಂದುವಿಗೆ ಒದ್ದೆ ಕುಂಕುಮ ಹಚ್ಚಿ ಚಪ್ಪಲಿಯ ಮೇಲೆ ನಿಲ್ಲಿಸಿದರೆ ಗುರುತು ಅಲ್ಲಿಯೇ ಮೂಡುತ್ತದೆ. ಸುಲಭವಾಗಿ ಬಾಗುವ ಹವಾಯಿ ಚಪ್ಪಲಿ ಬಿಟ್ಟು ಗಟ್ಟಿ ಅಟ್ಟೆಯದನ್ನು ಹಾಕಬೇಕು, ತುದಿಗಾಲ ಬದಲು ಎತ್ತರದ ಮಣೆಯ ಮೇಲೆ ಕುಳಿತು ದುಡಿಯಬೇಕು. ಮಳೆಗಾಲದಲ್ಲಿ ಟೇಪು ಒದ್ದೆಯಾಗಿ ಬಿಡುವುದರಿಂದ ಅದನ್ನು ಸುತ್ತುವುದನ್ನು ಮನೆಯವರೊಬ್ಬರಿಗೆ ಕಲಿಸಿಕೊಡುತ್ತೇನೆ.

ಇದು ಹಲವು ವಾರಗಳ ಕೆಲಸ, ಕೆಲವೊಮ್ಮೆ ತಿಂಗಳುಗಳದ್ದು. ಆದರೂ ನೋವು ಇಳಿಯದಿದ್ದರೆ, ಅಥವಾ ಬೆರಳು ಹೆಬ್ಬೆರಳಿನ ಮೇಲೇರತೊಡಗಿದ್ದರೆ, ಟೇಪು ಎಳೆಯುತ್ತಾ ಕಾಲ ಕಳೆಯದೆ ಪಾದದ ಶಸ್ತ್ರಚಿಕಿತ್ಸೆ ಬಲ್ಲ ಮೂಳೆ ತಜ್ಞರ ಬಳಿಗೆ ಕಳಿಸುತ್ತೇನೆ. ಅವರು ಮೂಳೆಯನ್ನು ತುಸು ಹಿಂದೆ ಸರಿಸಿ ಪಟ್ಟಿಯನ್ನು ಮತ್ತೆ ಅದರ ಜಾಗಕ್ಕೆ ಹೊಲಿಯಬಲ್ಲರು.