ಕೊಕ್ಕರೆ ಬೆಳ್ಳೂರಿನ ಬಾಣಂತಿಯರು

ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿ ಒಳಗೆ ಹೋದರೆ, ಹಕ್ಕಿಗಳು ಮರಿ ಮಾಡಲು ಬರುವ ಊರು ಕೊಕ್ಕರೆ ಬೆಳ್ಳೂರು. ಮಾರ್ಚ್ ತಿಂಗಳ ಒಂದು ಭಾನುವಾರ ಹೋಗಿದ್ದೆವು. ಊರು ಕಾಣುವ ಮೊದಲೇ ಮೀನಿನ ವಾಸನೆ ಬಂತು.

ಹಕ್ಕಿಗಳು ಎಲ್ಲೋ ದೂರದ ಕೆರೆಯಲ್ಲಿರುತ್ತವೆ ಅಂದುಕೊಂಡಿದ್ದೆ. ನೋಡಿದರೆ ಮನೆ ಹಿತ್ತಲಿನ ಹುಣಸೆ ಮರದಲ್ಲೇ ಸಂಸಾರ ಹೂಡಿವೆ. ಕೆಳಗೆ ಹಸು ಕಟ್ಟಿದ್ದಾರೆ, ಮೇಲೆ ಹೆಜ್ಜಾರ್ಲೆ (ಪೆಲಿಕನ್) ಗೂಡು. ಒಂದು ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ಕತ್ತಿನವರೆಗೂ ತಲೆ ತೂರಿಸಿ ಮೀನು ಹುಡುಕುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಬಾಯ್ ಮುಚ್ಕಂಡ್ ನೋಡಪ್ಪ" ಅಂದರು ಜಗುಲಿಯ ಮೇಲಿದ್ದ ಅಜ್ಜಿ. ಅಷ್ಟರಲ್ಲಿ ಹೆಗಲ ಮೇಲೆ ಪಟ್ ಅಂತ ಹಿಕ್ಕೆ ಬಿತ್ತು.

"ಒಳ್ಳೇದಾಯ್ತದೆ ಬುಡು. ನಮ್ಮನೆ ಹೆಣ್ಮಕ್ಳಿದ್ದಂಗೆ ಕಣಪ್ಪ ಇವು. ಬಾಣಂತನಕ್ಕೆ ತವರಿಗೆ ಬತ್ತವೆ. ಬಂದೋರ್ನ ಓಡುಸ್ತಾರಾ?"

ಹಕ್ಕಿ ಬಂದರೆ ಮಳೆ ಬೆಳೆ ಚೆನ್ನ ಅನ್ನೋದು ಊರಿನ ನಂಬಿಕೆ. 1916ರಲ್ಲಿ ಪ್ಲೇಗ್ ಬಂದು ಜನ ಹಳೇ ಊರು ಬಿಟ್ಟಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. ಈ ನಂಬಿಕೆ ಸುಮ್ನೆ ಬಾಯಿಮಾತಲ್ಲ. ಗೂಡಿರುವ ಮರದಲ್ಲಿ ಹುಣಸೆ ಫಸಲು ಕೈಗೆ ಸಿಗೋದು ಕಷ್ಟ, ಆದರೂ ಕಡಿಯುವುದಿಲ್ಲ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದ್ದು 2007ರಲ್ಲಿ. ಅಜ್ಜಿಯಂಥವರು ಅದಕ್ಕೂ ಎಷ್ಟೋ ಮೊದಲೇ ಕಾಯುತ್ತಿದ್ದರು.

"ಮನೆ ಮೇಲೆ ಗೂಬೆ ಕೂತ್ರೆ ಅಜ್ಜಿ?" ಕೇಳಿದೆ.

"ಥೂ, ಅದರ ಮಾತ್ಯಾಕೆ!"

ಪಾಪ ಗೂಬೆ. ಹೊಲದ ಇಲಿ ತಿಂದು ರೈತನಿಗೆ ಉಪಕಾರ ಮಾಡುವ ಹಕ್ಕಿ ಅದು. ಆದರೆ ಕೂಗಿದರೆ ಸಾವು, ಕೂತರೆ ಅಪಶಕುನ. ರಾತ್ರಿ ಒಂಟಿಯಾಗಿ ಕೂಗುವುದೇ ಅದರ ತಪ್ಪಿರಬೇಕು. ಹೆಜ್ಜಾರ್ಲೆ ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರೇ ಮಕ್ಕಳನ್ನು ಸಾಕುತ್ತದೆ. ಅಂಥದ್ದನ್ನು ಮಗಳು ಅನ್ನೋದು ಸುಲಭ, ಅಲ್ವಾ?

ಹೆಂಚಿನ ಮೇಲೊಂದು ಕಾಗೆ ಕೂತಿತ್ತು. ಅಜ್ಜಿ ಅದರ ಕಡೆ ಗದ್ದ ತೋರಿಸಿದರು. "ಬೆಳಗ್ಗಿಂದ ಒಂದೇ ಸಮ ಕೂಗ್ತಿತ್ತು. ಯಾರೋ ನೆಂಟ್ರು ಬತ್ತರೆ ಅಂದ್ಕಂಡಿದ್ದೆ" ಅಂದು, ಹೆಗಲು ತೊಳೆದುಕೊಳ್ಳಲು ಒಂದು ಚೊಂಬು ನೀರು ತಂದುಕೊಟ್ಟರು.