ಸೀಮೆಸುಣ್ಣ ತಿನ್ನುತ್ತಿದ್ದ ಹುಡುಗ

ಸೀಮೆಸುಣ್ಣದ ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿತ್ತು. ಯಾರ ಕೆಲಸ ಅಂತ ನೋಡಿದರೆ ಸಿಕ್ಕಿದ್ದು ನನ್ನ ಮೂರನೇ ತರಗತಿಯ ಹುಡುಗ. ತುಟಿಯ ಅಂಚಿನಲ್ಲಿ ಬಿಳಿ ಪುಡಿ, ಜೇಬಿನಲ್ಲಿ ಕಚ್ಚಿದ ಎರಡು ತುಂಡು. ಎಲ್ಲರ ಮುಂದೆ ಬೈದೆ. ಅವನು ಅಳಲಿಲ್ಲ, ಎದುರಾಡಲೂ ಇಲ್ಲ. ಸುಮ್ನೆ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ.

ಅವನ ಬಗ್ಗೆ ನಾನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ದಡ್ಡನಲ್ಲ, ಸೋಮಾರಿ. ಎರಡು ಸಾಲು ಬರೆದರೆ ಪೆನ್ಸಿಲ್ ಕೆಳಗಿಡುತ್ತಿದ್ದ. ಈಗ ಹೇಳಿದ್ದು ಇನ್ನೊಂದು ಗಳಿಗೆಗೆ ಮರೆತಿರುತ್ತಿದ್ದ. ಒಂದು ದಿನವೂ ಒಂದು ಪ್ರಶ್ನೆ ಕೇಳಿದವನಲ್ಲ. 'ಪಾಠದ ಕಡೆ ಗಮನವಿಲ್ಲ' ಅಂತ ಅವನ ಪ್ರಗತಿ ಪತ್ರದಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದೆ.

ಅದೇ ವಾರ ಮಕ್ಕಳ ತಪಾಸಣೆಗೆ ಡಾಕ್ಟರಮ್ಮ ಬಂದರು. ಇವನ ಸರದಿ ಬಂದಾಗ ಸೀಮೆಸುಣ್ಣದ ದೂರು ಹೇಳಿದೆ. ಅವರು ಹೆಬ್ಬೆರಳಿನಿಂದ ಅವನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, "ಇಲ್ಲಿ ನೋಡಿ ಟೀಚರ್" ಅಂದರು. ಕೆಂಪಗಿರಬೇಕಾದ ಒಳಭಾಗ ಬಿಳಿಚಿಕೊಂಡಿತ್ತು. "ಮೈಯಲ್ಲಿ ರಕ್ತವೇ ಇಲ್ಲ. ಕಬ್ಬಿಣದಂಶ ಕಡಿಮೆಯಾದ ಮಕ್ಕಳು ಮಣ್ಣು, ಸುಣ್ಣ ತಿಂತಾರೆ. ಬೈದರೆ ಬಿಡೋ ಚಟ ಅಲ್ಲ ಇದು."

ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7ರ ಹತ್ತಿರ ಬಂತು, ತೀರಾ ಕಡಿಮೆ. ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ.

ಹುಳು ಅಂದರೆ ಹೊಟ್ಟೆನೋವು, ಅಷ್ಟೇ ಅಂದುಕೊಂಡಿದ್ದವಳು ನಾನು. ಆ ರಾತ್ರಿ ಕೂತು ಓದಿದೆ. ಇದರ ಉದ್ದ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಮಣ್ಣಿನಲ್ಲಿರುವ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಬರುತ್ತದೆ. ರಕ್ತದ ಜೊತೆ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ನುಂಗಿದಾಗ ಕರುಳಿಗೆ. ಕರುಳಿನ ಗೋಡೆ ಕಚ್ಚಿ ಹಿಡಿದು ರಕ್ತ ಕುಡಿಯುತ್ತದೆ. ಒಂದು ಹುಳು ಕುಡಿಯೋದು ಹನಿ ಲೆಕ್ಕ. ಆದರೆ ಹತ್ತಾರು ಹುಳು ದಿನಾ ಕುಡಿದರೆ? ಎಂಟು ವರ್ಷದ ಮಗುವಿನ ಮೈಯಲ್ಲಿ ರಕ್ತ ಎಷ್ಟಿರುತ್ತೆ ಹೇಳಿ! ರಕ್ತದ ಜೊತೆ ಕಬ್ಬಿಣವೂ ಹೋಗುತ್ತದೆ. ಮಿದುಳಿಗೆ ಆಮ್ಲಜನಕ ತಲುಪಲು ಕಬ್ಬಿಣ ಬೇಕು. ಬೆಳೆಯುವ ನರಗಳ ಹೊದಿಕೆಗೂ ಅದೇ ಬೇಕು.

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದೇ ಹುಳು ಮನೆಮನೆಯಲ್ಲಿತ್ತು. 1909ರಲ್ಲಿ ಕೋಟ್ಯಧಿಪತಿ ರಾಕ್‌ಫೆಲರ್ ಕೊಟ್ಟ ಹಣದಿಂದ ಅಲ್ಲಿ ಇದನ್ನು ಓಡಿಸುವ ಕೆಲಸ ಶುರುವಾಯಿತು. ಆಗಿನ ಪತ್ರಿಕೆಗಳು ಇದಕ್ಕಿಟ್ಟ ಹೆಸರು 'ಸೋಮಾರಿತನದ ರೋಗಾಣು'. ಆ ಪದ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಮರುದಿನ ಅವನ ಅಮ್ಮ ಬಂದರು. ವಿಷಯ ಕೇಳಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೆಳಿಗ್ಗೆ ಏಳಲ್ಲ ಅಂತ ಹೊಡೆದಿದ್ದೀನಿ ಟೀಚರ್" ಅಂದರು. ನನ್ನ ಕೆಂಪು ಇಂಕಿನ ಮಾತು ಓದಿದ ದಿನವೂ ಹೊಡೆದಿದ್ದರಂತೆ.

ಚಿಕಿತ್ಸೆ ಸುಲಭದ್ದು. ಜಗಿದು ನುಂಗುವ 400 ಮಿಲಿಗ್ರಾಂನ ಆಲ್ಬೆಂಡಜೋಲ್ ಮಾತ್ರೆ ಒಂದು, ಆಮೇಲೆ ಮೂರು ತಿಂಗಳು ಕಬ್ಬಿಣದ ಮಾತ್ರೆ. ಜೊತೆಗೆ ಕಾಲಿಗೆ ಚಪ್ಪಲಿ, ಶೌಚಕ್ಕೆ ಬಯಲಲ್ಲ, ಶೌಚಾಲಯ. ಇಲ್ಲದಿದ್ದರೆ ಹುಳು ಮತ್ತೆ ಬರುತ್ತದೆ.

ಮಾತ್ರೆ ನುಂಗಿದ ಕೂಡಲೇ ಅಂಕ ಜಾಸ್ತಿ ಬರುತ್ತೆ ಅಂತ ಮಾತ್ರ ಅಂದುಕೊಳ್ಳಬೇಡಿ. ಕೀನ್ಯಾದ 75 ಶಾಲೆಗಳಲ್ಲಿ 1998ರಿಂದ ಹುಳುವಿನ ಮಾತ್ರೆ ಕೊಟ್ಟು ನೋಡಿದ್ದರು. ಗೈರುಹಾಜರಿ ಸುಮಾರು ಕಾಲು ಭಾಗ ಇಳಿಯಿತು, ಪರೀಕ್ಷೆಯ ಅಂಕ ಏರಲಿಲ್ಲ. ನನಗೆ ಇದು ಆಶ್ಚರ್ಯ ಅನಿಸಲಿಲ್ಲ. ಹುಳು ಹೋದರೂ ತಪ್ಪಿಹೋದ ಪಾಠ ಹಾಗೇ ಉಳಿದಿರುತ್ತೆ, ಅಲ್ವಾ? ಅದನ್ನು ಯಾರಾದರೂ ಕೂರಿಸಿಕೊಂಡು ಕಲಿಸಬೇಕು. ದಿನಾ ಅರ್ಧ ಗಂಟೆ ನಾನು ಕೂರಿಸಿಕೊಂಡೆ. ಏಳರ ಮಗ್ಗಿ ಈಗಲೂ ತಡವರಿಸುತ್ತಾನೆ.

ಮೂರನೇ ತಿಂಗಳಲ್ಲಿ ತರಗತಿಗೆಲ್ಲ ಹುಳುವಿನ ಪಾಠ ಮಾಡಿದೆ. ಬೋರ್ಡಿನ ಮೇಲೆ ಕಾಲಿನಿಂದ ಕರುಳಿನವರೆಗೆ ಗೆರೆ ಎಳೆಯುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು.

"ಟೀಚರ್, ಒಳಗೆಲ್ಲ ಕತ್ತಲೆ ಅಲ್ವಾ? ಅದಕ್ಕೆ ದಾರಿ ಹೇಗೆ ಗೊತ್ತಾಗುತ್ತೆ?"

ಅವನೇ. ಉತ್ತರ ನನಗೆ ಗೊತ್ತಿರಲಿಲ್ಲ. ನಾಳೆ ಓದಿಕೊಂಡು ಬಂದು ಹೇಳುತ್ತೇನೆ ಅಂದೆ. ಮರುದಿನ ಬೆಳಿಗ್ಗೆ ನಾನು ಬರುವ ಮೊದಲೇ ಬಾಗಿಲ ಹತ್ತಿರ ನಿಂತಿದ್ದ.